ವೈರಸ್ಸಿಗೆ ಹಸಿರು ತೊಡಿಸುವ ಕಸುಬು

ರಾಜಗೋಪಾಲನಗರದ ವರ್ಕ್‌ಶಾಪುಗಳಲ್ಲಿ ಮೈಕ್ರಾನ್ ಎಂಬುದು ದಿನಬಳಕೆಯ ಮಾತು. ಪೀಣ್ಯ ಎರಡನೇ ಹಂತಕ್ಕೆ ಅಂಟಿಕೊಂಡಂತಿರುವ ಇಲ್ಲಿನ ರಸ್ತೆಗಳಲ್ಲಿ ಲೇತ್, ಗ್ರೈಂಡಿಂಗ್, ಸಿಎನ್‌ಸಿ ಮಷಿನ್ನುಗಳ ಮುಂದೆ ನಿಂತವರು ಮೈಕ್ರೋಮೀಟರ್ ಹಿಡಿದು, ಈ ಬೋರ್ ಹತ್ತು ಮೈಕ್ರಾನ್ ಹೆಚ್ಚಾಯಿತು, ಆ ಶಾಫ್ಟ್ ಐದು ಕಡಿಮೆಯಾಯಿತು ಎಂದು ಮಾತಾಡಿಕೊಳ್ಳುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಪಾಲು ಎಂದರೆ ಎಷ್ಟು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಒಂದು ಮೈಕ್ರಾನಿನ ಉದ್ದದಲ್ಲಿ ಎಚ್‌ಐವಿ ವೈರಸ್ಸುಗಳನ್ನು ಸಾಲಾಗಿ ಕೂರಿಸಿದರೆ ಸುಮಾರು ಎಂಟು ಹಿಡಿಸುತ್ತವೆ.

ಇಷ್ಟು ಸಣ್ಣದೊಂದು ಕಣ ಜೀವಂತ ಕೋಶದ ಒಳಗೆ ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ತಂಗುತ್ತದೆ, ಯಾವಾಗ ಕೆಲಸ ಶುರುಮಾಡುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂದು ಕಣ್ಣಾರೆ ನೋಡುವ ಕಸುಬೊಂದಿದೆ. ವೈರಸ್ಸಿನ ಯಾವುದಾದರೂ ಒಂದು ಪ್ರೋಟೀನಿಗೆ, ಇಲ್ಲವೇ ಅದರ ವಂಶವಾಹಿಗೆ, ಬೆಳಕು ಬೀರುವ ಇನ್ನೊಂದು ಪ್ರೋಟೀನನ್ನು ಜೋಡಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಹಿಂಬಾಲಿಸುವುದು ಅದರ ತಿರುಳು. ರಾಜಗೋಪಾಲನಗರದಿಂದ ಗೊರಗುಂಟೆಪಾಳ್ಯಕ್ಕೆ ಬಂದು, ರಿಂಗ್ ರೋಡ್ ಹಿಡಿದು ಬಿಇಎಲ್ ವೃತ್ತ, ಹೆಬ್ಬಾಳ ದಾಟಿದರೆ ಜಕ್ಕೂರು. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಎಚ್‌ಐವಿಯ ಮೇಲೆ ಈ ಕಸುಬನ್ನು ಬಹಳ ನಾಜೂಕಾಗಿ ಮಾಡಿ ತೋರಿಸಿದೆ. ಅವರ ಕೆಲಸದ ಸೊಗಸು ತಿಳಿಯಬೇಕಾದರೆ ಕಸುಬಿನ ಬುಡದಿಂದಲೇ ಹೊರಡಬೇಕು.

ಕಾಣದ್ದನ್ನು ಕಾಣುವ ದಾರಿ

ಸಾಮಾನ್ಯ ಮೈಕ್ರೋಸ್ಕೋಪಿಗೆ ಒಂದು ಮಿತಿಯಿದೆ. ಬೆಳಕು ಅಲೆಯಾಗಿ ಸಾಗುವುದರಿಂದ, ಸುಮಾರು 200ರಿಂದ 250 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಅದು ಎರಡೆಂದು ಬಿಡಿಸಿ ತೋರಿಸಲಾರದು. ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೋಮೀಟರ್. ಎಚ್‌ಐವಿಯ ಅಡ್ಡಳತೆ ಸುಮಾರು 120 ನ್ಯಾನೋಮೀಟರ್. ಅಂದರೆ ಮಸೂರ ಎಷ್ಟೇ ಒಳ್ಳೆಯದಿರಲಿ, ವೈರಸ್ಸಿನ ಆಕಾರ ಅದರಲ್ಲಿ ಮೂಡುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಆ ಮಿತಿಯನ್ನು ದಾಟಿ ವೈರಸ್ಸಿನ ಮೈಮಾಟವನ್ನೇ ತೋರಿಸುತ್ತದೆ. ಆದರೆ ಅದರೊಳಗೆ ಇಡುವ ಕೋಶ ಸತ್ತಿರಬೇಕು ಅಥವಾ ಹೆಪ್ಪುಗಟ್ಟಿರಬೇಕು. ಓಟದ ನಡುವಿನ ಒಂದು ಕ್ಷಣ ಅಲ್ಲಿ ಸಿಗುತ್ತದೆ, ಓಟ ಸಿಗುವುದಿಲ್ಲ.

ಹೊಳೆಯುವ ಬಣ್ಣ ಹಚ್ಚಿ ವೈರಸ್ಸನ್ನು ಪತ್ತೆಮಾಡುವ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗದಂಥ ಕಡೆ ರೇಬಿಸ್ ಖಚಿತಪಡಿಸಲು ಮಿದುಳಿನ ಅಂಗಾಂಶದ ತೆಳು ಲೇಪವನ್ನು ಗಾಜಿನ ಸ್ಲೈಡಿನ ಮೇಲೆ ತೆಗೆದು, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ಅದರ ಮೇಲೆ ಹಾಕುತ್ತಾರೆ. ರೇಬಿಸ್ ವೈರಸ್ಸಿನ ಪ್ರೋಟೀನ್ ಅಲ್ಲಿದ್ದರೆ ಪ್ರತಿಕಾಯ ಅದಕ್ಕೆ ಅಂಟಿಕೊಂಡು, ಮೈಕ್ರೋಸ್ಕೋಪಿನಲ್ಲಿ ಸೇಬಿನ ಹಸಿರಿನ ಚುಕ್ಕೆಗಳು ಕಾಣಿಸುತ್ತವೆ. ರೋಗ ಪತ್ತೆಗೆ ಇದು ದಶಕಗಳಿಂದ ನಂಬಿಕೊಂಡು ಬಂದ ಪರೀಕ್ಷೆ. ಆದರೆ ಪ್ರತಿಕಾಯ ದೊಡ್ಡ ಅಣು. ಅದು ಕೋಶದ ಒಳಕ್ಕೆ ಹೋಗಬೇಕಾದರೆ ಕೋಶವನ್ನು ಕೊಂದು, ಪೊರೆಯಲ್ಲಿ ತೂತು ಬೀಳುವಂತೆ ಮಾಡಬೇಕು. ಬದುಕಿರುವ ಕೋಶದಲ್ಲಿ ನಡೆಯುವುದನ್ನು ನೋಡಬೇಕೆಂದರೆ ಬಣ್ಣವನ್ನು ಹೊರಗಿನಿಂದ ಹಾಕಿದರೆ ಆಗದು. ಕೋಶವೇ ತನ್ನೊಳಗೆ ಅದನ್ನು ತಯಾರಿಸಿಕೊಳ್ಳಬೇಕು.

ಸಮುದ್ರದಿಂದ ಬಂದ ಅಣು

ಅಂಥ ಬಣ್ಣ ಸಿಕ್ಕಿದ್ದು ಈಕ್ವೋರಿಯಾ ವಿಕ್ಟೋರಿಯಾ ಎಂಬ ಲೋಳೆಮೀನಿನಲ್ಲಿ. ಜಪಾನಿನಿಂದ ಅಮೆರಿಕಕ್ಕೆ ಹೋಗಿದ್ದ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರ್ ಕಡಲತೀರದಲ್ಲಿ ಈ ಲೋಳೆಮೀನುಗಳನ್ನು ಬಲೆಯಲ್ಲಿ ಹಿಡಿದು, ಅವುಗಳ ಅಂಚಿನ ಹೊಳೆಯುವ ಭಾಗವನ್ನು ಕತ್ತರಿಸಿ, ಹಿಂಡಿ, ಸೋಸಿ, ಬೆಳಕಿನ ಮೂಲವನ್ನು ಹುಡುಕಿದರು. ಸುಮಾರು 10,000 ಲೋಳೆಮೀನುಗಳಿಂದ ಅವರಿಗೆ ದಕ್ಕಿದ್ದು ಕೆಲವೇ ಮಿಲಿಗ್ರಾಂ. ಅವರು ಹುಡುಕುತ್ತಿದ್ದದ್ದು ಈಕ್ವೋರಿನ್ ಎಂಬ ನೀಲಿ ಬೆಳಕಿನ ಪ್ರೋಟೀನನ್ನು. ಅದರ ಜೊತೆಗೆ ಇನ್ನೊಂದು ಬಂದಿತ್ತು. ನೀಲಿ ಬೆಳಕು ಬಿದ್ದರೆ ಹಸಿರನ್ನು ಹೊರಬಿಡುವ ಅದನ್ನು 1962ರ ಪ್ರಬಂಧದಲ್ಲಿ ಶಿಮೊಮುರಾ ಗುರುತು ಹಾಕಿಟ್ಟರು. ಇಂದು ಜಗತ್ತಿನ ಜೀವವಿಜ್ಞಾನಿಗಳೆಲ್ಲ ಜಿಎಫ್‌ಪಿ ಎಂದು ಕರೆಯುವುದು ಅದನ್ನೇ.

ಅದರ ಜೀನನ್ನು ಬೇರ್ಪಡಿಸಿ ಓದಿದವರು ಡಗ್ಲಸ್ ಪ್ರೇಷರ್, 1992ರಲ್ಲಿ. 238 ಅಮೈನೋ ಆಮ್ಲಗಳ ಸರಪಳಿ ಅದು. ಸಂಶೋಧನೆಗೆ ಹಣ ಮುಂದುವರಿಯದೆ ಪ್ರೇಷರ್ ಈ ಕೆಲಸ ಕೈಬಿಡಬೇಕಾಯಿತು. ಬಿಡುವ ಮುನ್ನ ಜೀನಿನ ಪ್ರತಿಯನ್ನು ಕೇಳಿದವರಿಗೆ ಕೊಟ್ಟರು. ಪಡೆದವರಲ್ಲಿ ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಬ್ಯಾಕ್ಟೀರಿಯಾದಲ್ಲೂ ಒಂದು ಮಿಲಿಮೀಟರ್ ಉದ್ದದ ಹುಳುವಿನ ನರಕೋಶದಲ್ಲೂ ಬೆಳಗಿಸಿ ತೋರಿಸಿದರು. ಆಗ ಗೊತ್ತಾದ ದೊಡ್ಡ ಸಂಗತಿಯೆಂದರೆ, ಹೊಳೆಯಲು ಈ ಪ್ರೋಟೀನಿಗೆ ಲೋಳೆಮೀನಿನ ಬೇರೆ ಯಾವ ಕಿಣ್ವವೂ ಬೇಡ, ಗಾಳಿಯ ಆಮ್ಲಜನಕ ಇದ್ದರೆ ಸಾಕು. ರೋಜರ್ ಚಿಯೆನ್ ಅದು ಹೊಳೆಯುವ ಬಗೆಯನ್ನು ಬಿಡಿಸಿ, ಅಮೈನೋ ಆಮ್ಲಗಳನ್ನು ಅಲ್ಲಲ್ಲಿ ಬದಲಿಸಿ, ಹೆಚ್ಚು ಪ್ರಖರವಾದ ಬೇರೆ ಬೇರೆ ಬಣ್ಣಗಳ ಪ್ರೋಟೀನುಗಳನ್ನು ಕೊಟ್ಟರು. 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೂ ಬಂತು. ಪ್ರೇಷರ್ ಆ ಹೊತ್ತಿಗೆ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಒಂದು ಕಾರು ಮಾರಾಟ ಮಳಿಗೆಯ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ ಮತ್ತು ಚಿಯೆನ್ ಇಬ್ಬರೂ ಪ್ರೇಷರ್ ಅವರನ್ನು ಸ್ಟಾಕ್‌ಹೋಮಿಗೆ ಅತಿಥಿಯಾಗಿ ಕರೆಸಿಕೊಂಡರು. ಕೇಳಿದವರಿಗೆ ಕೊಟ್ಟ ಆ ಮನುಷ್ಯನನ್ನು ಈ ಕಸುಬಿನ ಚರಿತ್ರೆ ಹೇಳುವಾಗ ಬಿಡುವಂತಿಲ್ಲ.

ಅಣುವಿನ ರಚನೆ ನೋಡಿದರೆ ಬೆರಗಾಗುತ್ತದೆ. ಸುಮಾರು 4 ನ್ಯಾನೋಮೀಟರ್ ಎತ್ತರ, 2.4 ನ್ಯಾನೋಮೀಟರ್ ಅಗಲದ ಪೀಪಾಯಿ. ಹನ್ನೊಂದು ಪಟ್ಟಿಗಳು ಸುತ್ತಲೂ ನಿಂತು ಗೋಡೆಯಾಗಿವೆ. ನಟ್ಟನಡುವೆ 65, 66, 67ನೇ ಅಮೈನೋ ಆಮ್ಲಗಳು ತಮ್ಮಷ್ಟಕ್ಕೆ ತಾವೇ ಬೆಸೆದುಕೊಂಡು ಬೆಳಕಿನ ಕೇಂದ್ರವಾಗುತ್ತವೆ. ಸುತ್ತಲ ಗೋಡೆ ನೀರಿನಿಂದ ಅದನ್ನು ಕಾಪಾಡುತ್ತದೆ. ಹಾಗಾಗಿಯೇ ಇನ್ನೊಂದು ಪ್ರೋಟೀನಿಗೆ ಕಟ್ಟಿದರೂ ಅದು ಹೊಳೆಯುವುದನ್ನು ಬಿಡುವುದಿಲ್ಲ.

ಎಲ್ಲಿ ಜೋಡಿಸುವುದು

ಜೋಡಣೆ ನಡೆಯುವುದು ಡಿಎನ್‌ಎ ಮಟ್ಟದಲ್ಲಿ. ವೈರಸ್ಸಿನ ವಂಶವಾಹಿಯನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಗೆ ಸೇರಿಸಿಕೊಂಡು, ಬೇಕಾದ ಜಾಗದಲ್ಲಿ ಕಿಣ್ವದಿಂದ ಕತ್ತರಿಸಿ, ಸುಮಾರು 720 ಅಕ್ಷರಗಳ ಜಿಎಫ್‌ಪಿ ಜೀನನ್ನು ಕೂರಿಸಿ ಬೆಸೆಯುತ್ತಾರೆ. ವೈರಸ್ಸಿನ ಪ್ರೋಟೀನಿಗೂ ಜಿಎಫ್‌ಪಿಗೂ ನಡುವೆ ಗ್ಲೈಸೀನ್, ಸೆರೀನ್‌ನಂಥ ಮೆತುವಾದ ಅಮೈನೋ ಆಮ್ಲಗಳ ಚಿಕ್ಕ ಕೊಂಡಿ ಇಡುತ್ತಾರೆ, ಎರಡೂ ತಮ್ಮ ತಮ್ಮ ಆಕಾರಕ್ಕೆ ಮಡಚಿಕೊಳ್ಳಲು ಎಡೆಯಿರಲಿ ಎಂದು. ಓದುವ ಚೌಕಟ್ಟು ಒಂದೇ ಒಂದು ಅಕ್ಷರ ಆಚೀಚೆಯಾದರೂ ಮುಂದಿನದೆಲ್ಲ ಅರ್ಥವಿಲ್ಲದ ಸರಪಳಿಯಾಗುತ್ತದೆ. ಆಮೇಲೆ ಈ ಪ್ಲಾಸ್ಮಿಡನ್ನು ಪ್ಲೇಟಿನಲ್ಲಿ ಬೆಳೆಸಿದ ಕೋಶಗಳಿಗೆ ಉಣಿಸಿ, ಎರಡು ದಿನ ಬಿಟ್ಟು, ಮೇಲಿನ ದ್ರವವನ್ನು ಸೋಸಿದರೆ ಅದರಲ್ಲಿ ಹೊಸ ವೈರಸ್ ಕಣಗಳಿರುತ್ತವೆ.

ನಿಜವಾದ ಕೈಚಳಕ ಇರುವುದು ಜಾಗ ಆರಿಸುವುದರಲ್ಲಿ. ವೈರಸ್ ಬಲು ಜಿಪುಣ. ಅದರ ವಂಶವಾಹಿಯಲ್ಲಿ ಬಿಡುವೆಂಬುದೇ ಇಲ್ಲ. ಎಚ್‌ಐವಿಯ ವಿಪಿಆರ್ ಎಂಬ ಪ್ರೋಟೀನಿನಲ್ಲಿ ಇರುವುದೇ 96 ಅಮೈನೋ ಆಮ್ಲ, ಅದಕ್ಕೆ ಕಟ್ಟುವ ಜಿಎಫ್‌ಪಿಯಲ್ಲಿ 238. ಓಡುತ್ತಿರುವ ಮಷಿನ್ನಿನ ಶಾಫ್ಟಿಗೆ ಅದಕ್ಕಿಂತ ದೊಡ್ಡದೊಂದು ಪೀಸ್ ಜೋಡಿಸಿ, ಅದು ಮೊದಲಿನಂತೆಯೇ ತಿರುಗಬೇಕು, ಬೇರಿಂಗ್ ಬಿಸಿಯಾಗಬಾರದು ಎಂದು ರಾಜಗೋಪಾಲನಗರದ ಫಿಟ್ಟರಿಗೆ ಹೇಳಿದರೆ ಎಷ್ಟು ಯೋಚಿಸುತ್ತಾನೋ, ಲ್ಯಾಬಿನವರೂ ಅಷ್ಟೇ ಯೋಚಿಸುತ್ತಾರೆ.

ಎಚ್‌ಐವಿಯ ಗ್ಯಾಗ್ ಪ್ರೋಟೀನಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ವೈರಸ್ಸಿನ ಒಳಗೋಡೆಯೆಲ್ಲ ಗ್ಯಾಗ್‌ನಿಂದಲೇ ಕಟ್ಟಿದ್ದು. ಒಂದು ಕಣಕ್ಕೆ ಸಾವಿರಾರು ಗ್ಯಾಗ್ ಬೇಕು. ಅವು ಒತ್ತೊತ್ತಾಗಿ ಕೂತರೇನೇ ಚೆಂಡಿನ ಆಕಾರ ಬರುವುದು. ಎಲ್ಲಕ್ಕೂ ಜಿಎಫ್‌ಪಿ ಕಟ್ಟಿದರೆ ಜಾಗ ಸಾಲದೆ ವೈರಸ್ಸಿನ ಸೋಂಕುವ ಶಕ್ತಿ ಕುಗ್ಗುತ್ತದೆ. ಜರ್ಮನಿಯ ಹೈಡೆಲ್‌ಬರ್ಗಿನ ಹಾನ್ಸ್-ಜಾರ್ಜ್ ಕ್ರೋಸ್ಲಿಷ್ ತಂಡ 2004ರಲ್ಲಿ ಜಿಎಫ್‌ಪಿಯನ್ನು ಗ್ಯಾಗ್‌ನ ತುದಿಗೆ ಕಟ್ಟದೆ, ಅದರ ಎರಡು ಭಾಗಗಳ ನಡುವಿನ ಸಂದಿಯಲ್ಲಿ ಕೂರಿಸಿತು. ಜೊತೆಗೆ ಜಿಎಫ್‌ಪಿಯ ಟ್ಯಾಗ್ ಇರುವ ಮತ್ತು ಇಲ್ಲದ ಗ್ಯಾಗನ್ನು ಸಮಸಮ ಬೆರೆಸಿತು. ಹಾಗೆ ಮಾಡಿದಾಗ ಕಣ ಹೊಳೆಯಿತು, ಸೋಂಕುವ ಶಕ್ತಿಯನ್ನೂ ಉಳಿಸಿಕೊಂಡಿತು. ಟ್ಯಾಗ್ ಹಾಕುವವರು ಕಲಿಯಬೇಕಾದ ಹದ ಇದು: ಕಾಣುವಷ್ಟು ಬೆಳಕು ಬೇಕು, ವೈರಸ್ಸಿಗೆ ಹೊರೆಯಾಗುವಷ್ಟು ಬೇಡ.

ಈ ಹದ ಸಿಕ್ಕ ಮೇಲೆ ಕಂಡ ನೋಟಗಳು ಪಠ್ಯಪುಸ್ತಕವನ್ನೇ ತಿದ್ದಿದವು. 2002ರಲ್ಲಿ ಥಾಮಸ್ ಹೋಪ್ ಅವರ ತಂಡ ವಿಪಿಆರ್‌ಗೆ ಜಿಎಫ್‌ಪಿ ಕಟ್ಟಿದ ಎಚ್‌ಐವಿಯನ್ನು ಹಿಂಬಾಲಿಸಿ, ಅದು ಕೋಶದೊಳಗಿನ ಮೈಕ್ರೋಟ್ಯೂಬ್ಯೂಲ್ ಎಂಬ ಎಳೆಗಳ ಮೇಲೆ ಸಾಗಿ ಕೋಶಕೇಂದ್ರದತ್ತ ಹೋಗುವುದನ್ನು ತೋರಿಸಿತು. 2008ರಲ್ಲಿ ನ್ಯೂಯಾರ್ಕಿನ ತಂಡವೊಂದು ಕೋಶದ ಪೊರೆಯ ಅಡಿಯಲ್ಲಿ ಹೊಳೆಯುವ ಗ್ಯಾಗ್ ಅಣುಗಳು ಬಂದು ಸೇರುವುದನ್ನು ಚಿತ್ರೀಕರಿಸಿತು. ಒಂದು ವೈರಸ್ ಕಣ ಶುರುವಿನಿಂದ ಕೊನೆಯವರೆಗೆ ಜೋಡಣೆಯಾಗಲು ಹಿಡಿಯುವುದು ಐದಾರು ನಿಮಿಷ ಎಂದು ಆಗ ತಿಳಿಯಿತು. ಅಲ್ಲಿಯವರೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಸ್ತಬ್ಧಚಿತ್ರಗಳಲ್ಲಿ ಅರ್ಧ ಕಟ್ಟಿದ, ಮುಕ್ಕಾಲು ಕಟ್ಟಿದ ಕಣಗಳನ್ನು ಕಂಡಿದ್ದೆವು. ಆ ಅರ್ಧಕ್ಕೂ ಮುಕ್ಕಾಲಿಗೂ ನಡುವಿನ ಹೊತ್ತು ಎಷ್ಟೆಂದು ಹೇಳಲು ಜೀವಂತ ಕೋಶವೇ ಬೇಕಾಯಿತು.

ಕಣ ಹೊಳೆಯುವುದು, ಕೋಶ ಹೊಳೆಯುವುದು

ಇಲ್ಲಿ ಒಂದು ವ್ಯತ್ಯಾಸ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೇಲಿನ ಉದಾಹರಣೆಗಳಲ್ಲಿ ಹೊಳೆಯುವುದು ವೈರಸ್ ಕಣವೇ. ಆಕಾರ ಕಾಣದಿದ್ದರೂ ಕಪ್ಪು ಹಿನ್ನೆಲೆಯಲ್ಲಿ ಅದೊಂದು ಹಸಿರು ಚುಕ್ಕೆ. ಆ ಚುಕ್ಕೆಯ ನಡುಬಿಂದು ಎಲ್ಲಿದೆ ಎಂದು ಕೆಲವು ಹತ್ತು ನ್ಯಾನೋಮೀಟರುಗಳ ಅಂದಾಜಿಗೆ ಲೆಕ್ಕ ಹಾಕಬಹುದು. ದಾರಿ ಗುರುತಿಸಲು ಅಷ್ಟು ಸಾಕು.

ಇನ್ನೊಂದು ಬಗೆಯಲ್ಲಿ ವೈರಸ್ ಕಣಕ್ಕೆ ಹೊಳಪಿಲ್ಲ. ಜಿಎಫ್‌ಪಿಯ ಜೀನ್ ಮಾತ್ರ ಅದರ ವಂಶವಾಹಿಯಲ್ಲಿ ಕೂತಿರುತ್ತದೆ. ವೈರಸ್ ಕೋಶದೊಳಗೆ ಹೊಕ್ಕು ತನ್ನ ಜೀನುಗಳನ್ನು ಓದಿಸತೊಡಗಿದಾಗ ಜಿಎಫ್‌ಪಿಯೂ ತಯಾರಾಗಿ ಇಡೀ ಕೋಶ ಹಸಿರಾಗುತ್ತದೆ. ಇದಕ್ಕೆ ರಿಪೋರ್ಟರ್ ವೈರಸ್ ಎನ್ನುತ್ತಾರೆ. ಚಾಲ್ಫಿಯ ಪ್ರಬಂಧ ಬಂದ ಮರುವರ್ಷವೇ, 1995ರಲ್ಲಿ, ಇಂಗ್ಲೆಂಡಿನ ಡೇವಿಡ್ ಬಾಲ್ಕಮ್ ಮತ್ತು ಸಂಗಡಿಗರು ಆಲೂಗಡ್ಡೆಯ ಎಕ್ಸ್ ವೈರಸ್ಸಿಗೆ ಈ ಜೀನ್ ಸೇರಿಸಿ, ಗಿಡದ ಎಲೆಯಲ್ಲಿ ಸೋಂಕು ಹರಡುವುದನ್ನು ಅತಿನೇರಳೆ ದೀಪದ ಕೆಳಗೆ ಹಸಿರು ಮಚ್ಚೆಗಳಾಗಿ ಕಂಡರು. 2020ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನಲ್ಲಿ ಕೊರೊನಾ ವೈರಸ್ಸಿನ ಓಆರ್‌ಎಫ್7 ಜೀನನ್ನು ತೆಗೆದು ಎಂನಿಯಾನ್‌ಗ್ರೀನ್ ಎಂಬ ಇನ್ನೊಂದು ಹಸಿರು ಪ್ರೋಟೀನಿನ ಜೀನನ್ನು ಇಟ್ಟರು. ರೋಗಿಯ ರಕ್ತದ್ರವದಲ್ಲಿರುವ ಪ್ರತಿಕಾಯಗಳು ವೈರಸ್ಸನ್ನು ತಡೆಯುತ್ತವೆಯೆ ಎಂಬುದನ್ನು ದಿನಗಟ್ಟಲೆ ಕಾಯದೆ, ಎಷ್ಟು ಕೋಶ ಹಸಿರಾಯಿತು ಎಂದು ಎಣಿಸಿ ಹೇಳುವಂತಾಯಿತು.

ಬೆಂಗಳೂರಿನಲ್ಲೂ ಕೊರೊನಾ ಕಾಲದಲ್ಲಿ ಇದರ ಸಮೀಪದ ಕೆಲಸ ನಡೆಯಿತು. ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ವರದರಾಜನ್ ಸುಂದರಮೂರ್ತಿ ಅವರ ತಂಡಗಳು ಸ್ಪೈಕ್ ಪ್ರೋಟೀನಿನ ಕೋಶಕ್ಕೆ ಅಂಟುವ ಭಾಗಕ್ಕೆ ಹೊಳೆಯುವ ಬಣ್ಣ ಕಟ್ಟಿ, ಅದು ಕೋಶದೊಳಗೆ ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ಹಿಂಬಾಲಿಸಿದವು. ಸ್ಪೈಕ್ ತೊಡಿಸಿದ ಅಪಾಯವಿಲ್ಲದ ನಕಲಿ ವೈರಸ್ಸನ್ನೂ ಬಳಸಿದವು. ಮೇಯರ್ ಅವರ ಲ್ಯಾಬು ವರ್ಷಗಳ ಹಿಂದೆಯೇ ವಿವರಿಸಿದ್ದ ಒಂದು ಒಳಹರಿವಿನ ಹಾದಿಯನ್ನೇ ಅದು ಬಳಸುತ್ತದೆ, ಒಳಗಿನ ಆಮ್ಲೀಯತೆಯನ್ನು ತಗ್ಗಿಸುವ ಔಷಧಗಳು ಅದಕ್ಕೆ ಅಡ್ಡಿಯಾಗುತ್ತವೆ ಎಂದು 2021ರಲ್ಲಿ ಪ್ರಕಟಿಸಿದರು.

ಜಕ್ಕೂರಿನ ಪ್ರಶ್ನೆ

ಈಗ ಜಕ್ಕೂರಿಗೆ ಬರೋಣ. ಎಚ್‌ಐವಿ ಸೋಂಕಿತರು ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕಾಗಿರುವುದಕ್ಕೆ ಮುಖ್ಯ ಕಾರಣ ವೈರಸ್ಸಿನ ಮೌನ. ಅದು ತನ್ನ ವಂಶವಾಹಿಯನ್ನು ನಮ್ಮ ರೋಗನಿರೋಧಕ ಟಿ-ಕೋಶಗಳ ಡಿಎನ್‌ಎಗೆ ಬೆಸೆದು, ಕೆಲವು ಕೋಶಗಳಲ್ಲಿ ಏನೂ ಮಾಡದೆ ಕೂತುಬಿಡುತ್ತದೆ. ಏನೂ ತಯಾರಿಸದ ವೈರಸ್ಸನ್ನು ಔಷಧವೂ ಮುಟ್ಟಲಾರದು, ದೇಹದ ಕಾವಲುಪಡೆಯೂ ಗುರುತಿಸಲಾರದು. ಮಾತ್ರೆ ನಿಂತರೆ ಮತ್ತೆ ಏಳುತ್ತದೆ. ಇದನ್ನು ಸುಪ್ತಾವಸ್ಥೆ ಎನ್ನುತ್ತಾರೆ.

ವೈರಸ್ಸಿನ ಜೀನುಗಳು ಓದಲ್ಪಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಎಲ್‌ಟಿಆರ್ ಎಂಬ ಡಿಎನ್‌ಎ ತುಂಡು. ಅದರ ಮೇಲೆ ಎನ್‌ಎಫ್-ಕಪ್ಪಾಬಿ ಎಂಬ ನಮ್ಮದೇ ಕೋಶದ ಪ್ರೋಟೀನ್ ಕೂರುವ ಜಾಗಗಳಿವೆ. ಜಗತ್ತಿನ ಬಹುಪಾಲು ಎಚ್‌ಐವಿ ಬಗೆಗಳಲ್ಲಿ ಅಂಥ ಜಾಗ ಎರಡು. ಭಾರತದಲ್ಲಿ ಮುಖ್ಯವಾಗಿ ಹರಡಿರುವ ಸಿ ಉಪಬಗೆಯಲ್ಲಿ ಸಾಮಾನ್ಯವಾಗಿ ಮೂರು. ನಾಲ್ಕು ಜಾಗಗಳಿರುವ ವೈರಸ್ಸುಗಳು ನಮ್ಮಲ್ಲಿ ಹುಟ್ಟಿಕೊಂಡು ಹರಡುತ್ತಿವೆ, ಅವುಗಳ ಎಲ್‌ಟಿಆರ್ ಹೆಚ್ಚು ಬಲವಾಗಿ ಕೆಲಸ ಮಾಡುತ್ತದೆ ಎಂದು ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿತು. ಅಲ್ಲಿಂದ ಸಹಜವಾಗಿ ಹುಟ್ಟಿದ ಪ್ರಶ್ನೆ: ಇಷ್ಟು ಬಲವಾದ ಎಲ್‌ಟಿಆರ್ ಇಟ್ಟುಕೊಂಡ ವೈರಸ್ ಸುಮ್ಮನಾಗುವುದಾದರೂ ಹೇಗೆ? ಬಲ ಹೆಚ್ಚಿದಷ್ಟೂ ಮೌನಕ್ಕೆ ಜಾರುವುದು ನಿಧಾನವಾಗಬೇಕಲ್ಲ?

ಪ್ರಶ್ನೆಗೆ ತಕ್ಕ ವೈರಸ್ಸನ್ನು ಅವರು ಕಟ್ಟಿದ ರೀತಿಯಲ್ಲೇ ಕಸುಬಿನ ಅಚ್ಚುಕಟ್ಟು ಕಾಣುತ್ತದೆ. ಇಡೀ ಎಚ್‌ಐವಿ ಇಲ್ಲಿ ಬೇಡ. ಎಲ್‌ಟಿಆರ್ ಬೇಕು, ಅದನ್ನು ಚುರುಕುಗೊಳಿಸುವ ವೈರಸ್ಸಿನ ಟ್ಯಾಟ್ ಪ್ರೋಟೀನ್ ಬೇಕು, ನಡೆಯುತ್ತಿರುವುದನ್ನು ತೋರಿಸುವ ಹಸಿರು ಪ್ರೋಟೀನ್ ಬೇಕು. ಉಳಿದುದನ್ನೆಲ್ಲ ತೆಗೆದರು. ಹೀಗೆ ಕಟ್ಟಿದ ಕಣ ಒಂದು ಸಲ ಕೋಶದೊಳಗೆ ಹೋಗಬಲ್ಲದು, ಆದರೆ ಮರಿಗಳನ್ನು ಹುಟ್ಟಿಸಲಾರದು. ಅಪಾಯ ಕಡಿಮೆ, ಗೊಂದಲವೂ ಕಡಿಮೆ. ಹಸಿರು ಪ್ರೋಟೀನ್ ಮತ್ತು ಟ್ಯಾಟ್ ಎರಡೂ ಒಂದೇ ಆರ್‌ಎನ್‌ಎಯಿಂದ ಓದಲ್ಪಡುವಂತೆ ಜೋಡಿಸಿದ್ದರಿಂದ ಒಂದು ಇದ್ದಲ್ಲಿ ಇನ್ನೊಂದೂ ತಯಾರಾಗುತ್ತದೆ. ಎನ್‌ಎಫ್-ಕಪ್ಪಾಬಿ ಜಾಗಗಳು ಸೊನ್ನೆಯಿಂದ ನಾಲ್ಕರವರೆಗೆ ಇರುವ ಸರಣಿಯನ್ನೇ ತಯಾರಿಸಿದರು. ಬೇರೆಲ್ಲ ಒಂದೇ, ಎಲ್‌ಟಿಆರ್‌ನ ಬಲ ಮಾತ್ರ ಬೇರೆ.

ಹಸಿರು ಪ್ರೋಟೀನಿನ ಆಯ್ಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸಾಮಾನ್ಯ ಜಿಎಫ್‌ಪಿ ಗಟ್ಟಿ ಅಣು. ಕೋಶದೊಳಗೆ ಒಂದು ದಿನಕ್ಕೂ ಹೆಚ್ಚು ಹೊತ್ತು ಹಾಗೆಯೇ ಉಳಿಯುತ್ತದೆ. ವೈರಸ್ ಇವತ್ತು ಬೆಳಿಗ್ಗೆ ಸುಮ್ಮನಾದರೆ ನಾಳೆಯೂ ಕೋಶ ಹಸಿರಾಗಿಯೇ ಕಾಣುತ್ತದೆ. ಹಳೆಯ ಬೆಳಕನ್ನು ನೋಡಿ ವೈರಸ್ ಇನ್ನೂ ಕೆಲಸ ಮಾಡುತ್ತಿದೆ ಎಂದುಕೊಂಡರೆ ಮೋಸಹೋದಂತೆ. ಆದ್ದರಿಂದ ಡಿ2ಇಜಿಎಫ್‌ಪಿ ಎಂಬ ರೂಪವನ್ನು ಬಳಸಿದರು. ಇಲಿಯ ಒಂದು ಕಿಣ್ವದಿಂದ ತೆಗೆದ ಸಣ್ಣ ಬಾಲ ಅದಕ್ಕೆ ಅಂಟಿಸಿರುತ್ತದೆ. ಕೋಶದ ಕಸ ವಿಲೇವಾರಿ ವ್ಯವಸ್ಥೆ ಆ ಬಾಲವನ್ನು ಗುರುತಿಸಿ ಪ್ರೋಟೀನನ್ನು ಬೇಗ ಒಡೆದುಹಾಕುತ್ತದೆ. ಸುಮಾರು ಎರಡು ಗಂಟೆಯಲ್ಲಿ ಅರ್ಧ ಹೋಗಿರುತ್ತದೆ. ಬೇಗ ನಾಶವಾಗುವುದೇ ಇಲ್ಲಿ ಅದರ ಗುಣ. ಕೋಶ ಹಸಿರಾಗಿದ್ದರೆ ವೈರಸ್ಸಿನ ಜೀನ್ ಈಗ ಓದಲ್ಪಡುತ್ತಿದೆ ಎಂದೇ ಅರ್ಥ.

ಅಳೆಯಲು ಫ್ಲೋ ಸೈಟೋಮೀಟರ್ ಇದೆ. ಕೋಶಗಳು ತೆಳುವಾದ ದ್ರವಧಾರೆಯಲ್ಲಿ ಒಂದರ ಹಿಂದೆ ಒಂದು ಸಾಗುತ್ತವೆ. ಪ್ರತಿಯೊಂದರ ಮೇಲೂ 488 ನ್ಯಾನೋಮೀಟರಿನ ನೀಲಿ ಲೇಸರ್ ಬೀಳುತ್ತದೆ. ಹೊರಟ ಹಸಿರೆಷ್ಟು ಎಂದು ಸಂವೇದಕ ಓದುತ್ತದೆ. ತೆರೆಯ ಮೇಲೆ ಒಂದೊಂದು ಕೋಶಕ್ಕೂ ಒಂದೊಂದು ಚುಕ್ಕೆ, ಹೆಚ್ಚು ಹಸಿರಿದ್ದಷ್ಟೂ ಬಲಕ್ಕೆ. ಸೋಂಕು ತಗುಲಿಸಿದ ಜುರ್ಕಾಟ್ ಎಂಬ ಟಿ-ಕೋಶಗಳಲ್ಲಿ ಹಸಿರಾದವನ್ನು ಮಾತ್ರ ಯಂತ್ರದಿಂದಲೇ ಬೇರ್ಪಡಿಸಿ, ಬೇರೆ ಪಾತ್ರೆಯಲ್ಲಿ ಬೆಳೆಸಿ, ಆಗಾಗ ತೆಗೆದು ಅಳೆಯುತ್ತಾರೆ. ಬಲಬದಿಯಲ್ಲಿ ಒತ್ತಾಗಿ ಕೂತಿದ್ದ ಚುಕ್ಕೆಗಳ ಗುಂಪು ದಿನ ಕಳೆದಂತೆ ಎಡಕ್ಕೆ ಸರಿಯತೊಡಗುತ್ತದೆ. ಒಂದೊಂದೇ ಕೋಶದಲ್ಲಿ ವೈರಸ್ ಸುಮ್ಮನಾಗುತ್ತಿರುವುದು ಅದು.

ಆದರೆ ಕಪ್ಪಾದ ಕೋಶದಲ್ಲಿ ವೈರಸ್ ಮಲಗಿದೆ ಎಂದು ಹೇಗೆ ಹೇಳುವುದು? ಅಲ್ಲಿ ವೈರಸ್ಸೇ ಇಲ್ಲದಿದ್ದರೂ ಕೋಶ ಕಪ್ಪಾಗಿಯೇ ಇರುತ್ತದೆ. ಮೊದಲು ಹಸಿರಾದವನ್ನೇ ಆರಿಸಿಕೊಂಡಿದ್ದು ಆ ಅನುಮಾನಕ್ಕೆ ಒಂದು ಉತ್ತರ. ಇನ್ನೊಂದು, ಟಿಎನ್‌ಎಫ್-ಆಲ್ಫಾದಂಥ ಪ್ರಚೋದಕ ಹಾಕುವುದು. ಎನ್‌ಎಫ್-ಕಪ್ಪಾಬಿ ಎಚ್ಚೆತ್ತು ಎಲ್‌ಟಿಆರ್ ಮೇಲೆ ಕೂರುತ್ತದೆ, ಕೋಶ ಮತ್ತೆ ಹಸಿರಾಗುತ್ತದೆ. ಮಲಗಿದ್ದದ್ದು ಎದ್ದು ತಾನಿದ್ದೇನೆ ಎಂದು ತೋರಿಸಿಕೊಂಡಂತಾಯಿತು.

2020ರಲ್ಲಿ ಜರ್ನಲ್ ಆಫ್ ವೈರಾಲಜಿಯಲ್ಲಿ ಬಂದ ಫಲಿತಾಂಶ ಎಣಿಕೆಗೆ ತದ್ವಿರುದ್ಧವಾಗಿತ್ತು. ಎಲ್‌ಟಿಆರ್ ಬಲವಾದಷ್ಟೂ ವೈರಸ್ ಬೇಗ ಸುಮ್ಮನಾಗುತ್ತದೆ. ಟ್ಯಾಟ್ ಕಡಿಮೆಯಾಗಿ ಹಾಗಾಯಿತೆ ಎಂದು ನೋಡಿದರೆ, ಸುಮ್ಮನಾದ ಕೋಶದಲ್ಲೂ ಟ್ಯಾಟ್ ಇದೆ, ಮುಚ್ಚಿಕೊಂಡ ಎಲ್‌ಟಿಆರ್ ಬಳಿಯಲ್ಲೇ ಇದೆ. ಎಲ್‌ಟಿಆರ್ ಚುರುಕುಗೊಳಿಸುವ ಟ್ಯಾಟ್, ಸೋಂಕಿನ ಕೊನೆಯ ಹಂತದಲ್ಲಿ ಅದನ್ನೇ ಆರಿಸುವುದರಲ್ಲೂ ಪಾಲುಗೊಳ್ಳುತ್ತಿರಬಹುದು ಎಂದು ತಂಡ ವಾದಿಸಿತು. ಮಲಗಿರುವ ಎಚ್‌ಐವಿಯನ್ನು ಎಬ್ಬಿಸಿ ಹೊರಹಾಕಬೇಕೆ, ಇಲ್ಲವೇ ಏಳದಂತೆ ಬೀಗ ಹಾಕಬೇಕೆ ಎಂದು ಜಗತ್ತು ಯೋಚಿಸುತ್ತಿರುವಾಗ ಇದು ಬಹಳ ತೂಕದ ಮಾತು. ಬೇಗ ಅಳಿಯುವ ಹಸಿರನ್ನು ಆರಿಸದೆ ಇದ್ದಿದ್ದರೆ, ಯಾವ ಎಲ್‌ಟಿಆರ್ ಎಷ್ಟು ಬೇಗ ಆರಿತು ಎಂಬ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕೈಗೆ ಸಿಗುವುದು ಕಷ್ಟವಿತ್ತು.

ಬೆಳಕನ್ನು ಪರೀಕ್ಷಿಸುವುದು

ಇವರೆಲ್ಲರ ಕೆಲಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ತಾವೇ ಹೊತ್ತಿಸಿದ ಬೆಳಕನ್ನು ಅವರು ಪರೀಕ್ಷಿಸುವ ಬಗೆ. ಹಸಿರು ಕಂಡಿತು ಎಂದ ಮಾತ್ರಕ್ಕೆ ಏನನ್ನೂ ಒಪ್ಪುವುದಿಲ್ಲ.

ಕೊಂಡಿ ತುಂಡಾಗಿ ಜಿಎಫ್‌ಪಿ ಬಿಡಿಯಾಗಿ ಓಡಾಡುತ್ತಿದ್ದರೆ ನಾವು ಹಿಂಬಾಲಿಸುತ್ತಿರುವುದು ವೈರಸ್ಸನ್ನಲ್ಲ. ಅದಕ್ಕಾಗಿ ಕೋಶದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಜೋಡಿ ಜೋಡಿಯಾಗಿಯೇ ಇದೆಯೆ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುತ್ತಾರೆ. ಜಿಎಫ್‌ಪಿಗೆ ತನ್ನಂಥದೇ ಇನ್ನೊಂದರ ಜೊತೆ ಕೂಡಿಕೊಳ್ಳುವ ಸ್ವಭಾವ ತುಸು ಇದೆ. ಆ ಕಾರಣಕ್ಕೆ ವೈರಸ್ ಪ್ರೋಟೀನುಗಳು ಗುಂಪುಗಟ್ಟಿಬಿಟ್ಟರೆ ಅದು ವೈರಸ್ಸಿನ ಗುಣವೆಂದು ತಪ್ಪು ತಿಳಿಯುವ ಅಪಾಯವಿದೆ. 206ನೇ ಅಮೈನೋ ಆಮ್ಲವನ್ನು ಬದಲಿಸಿದ, ಒಂಟಿಯಾಗಿಯೇ ಉಳಿಯುವ ರೂಪವನ್ನು ಆರಿಸುವುದು ಅದಕ್ಕೇ. ಕೋಶಕ್ಕೂ ತನ್ನದೇ ಆದ ಮಂದ ಹಸಿರು ಹೊಳಪಿದೆ. ಹಾಗಾಗಿ ಸೋಂಕಿಲ್ಲದ ಕೋಶಗಳನ್ನು ಪಕ್ಕದಲ್ಲಿಟ್ಟು ಅಳೆಯದೆ ಯಾವ ಅಂಕಿಯನ್ನೂ ಬರೆದುಕೊಳ್ಳುವುದಿಲ್ಲ.

ಆಮ್ಲೀಯ ಜಾಗದಲ್ಲಿ ಜಿಎಫ್‌ಪಿ ಮಂಕಾಗುತ್ತದೆ. ಅನೇಕ ವೈರಸ್ಸುಗಳು ಕೋಶದೊಳಗೆ ಹೋಗುವುದೇ ಆಮ್ಲೀಯ ಚೀಲಗಳ ಮೂಲಕ. ಚುಕ್ಕೆ ಮಾಯವಾಯಿತು ಎಂದರೆ ವೈರಸ್ ಕರಗಿತು ಎಂದಲ್ಲ, ಅದು ಆಮ್ಲದೊಳಗೆ ಇಳಿದಿರಬಹುದು. ಈ ದೌರ್ಬಲ್ಯವನ್ನೇ ಕಸುಬುದಾರರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಆಮ್ಲಕ್ಕೆ ಜಗ್ಗದ ಎಂಚೆರಿಯಂಥ ಕೆಂಪು ಪ್ರೋಟೀನನ್ನೂ ಜೊತೆಗೆ ಕಟ್ಟಿದರೆ, ಹಸಿರು ಆರಿ ಕೆಂಪು ಉಳಿದ ಕ್ಷಣವೇ ವೈರಸ್ ಆಮ್ಲೀಯ ಕೋಣೆ ಹೊಕ್ಕ ಕ್ಷಣ. ಇನ್ನು ಲೇಸರ್ ಬೆಳಕು ಕೋಶಕ್ಕೆ ನಂಜು, ಟ್ಯಾಗನ್ನೂ ಮಸುಕಾಗಿಸುತ್ತದೆ. 37 ಡಿಗ್ರಿ ಶಾಖ, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಕೋಶಗಳನ್ನು ಜೋಪಾನವಾಗಿಟ್ಟು, ಚಿತ್ರಗಳನ್ನು ಅಳೆದೂ ಸುರಿದೂ ತೆಗೆಯುತ್ತಾರೆ.

ಕಾಲ ಕಳೆದಂತೆ ವೈರಸ್ಸೇ ಟ್ಯಾಗನ್ನು ಕಳಚಿ ಎಸೆಯುವುದೂ ಉಂಟು. ಡೆಂಗಿಯಂಥ ವೈರಸ್ಸುಗಳ ವಂಶವಾಹಿ ಇರುವುದೇ ಸುಮಾರು 11,000 ಅಕ್ಷರ. ಹೆಚ್ಚುವರಿ 720 ಅಕ್ಷರ ಅವಕ್ಕೆ ಭಾರ. ನಕಲು ಮಾಡುವಾಗ ಎಲ್ಲೋ ಒಂದು ಪ್ರತಿಯಲ್ಲಿ ಆ ತುಂಡು ಬಿಟ್ಟುಹೋದರೆ, ಹಗುರಾದ ಆ ಪ್ರತಿ ಬೇಗ ಬೇಗ ಬೆಳೆದು ಉಳಿದವನ್ನು ಹಿಂದಿಕ್ಕುತ್ತದೆ. ಕೆಲವು ಸುತ್ತು ಬೆಳೆಸಿದ ಮೇಲೆ ಪಾತ್ರೆಯಲ್ಲಿ ವೈರಸ್ ತುಂಬಿರುತ್ತದೆ, ಹಸಿರು ಇರುವುದಿಲ್ಲ. ಆದ್ದರಿಂದ ಪ್ರತಿ ಸುತ್ತಿನಲ್ಲೂ ವಂಶವಾಹಿಯನ್ನು ಓದಿ ನೋಡಬೇಕು.

ಎಲ್ಲಕ್ಕಿಂತ ಆಳದ ತೊಡಕು ಇನ್ನೊಂದು. ಹೊಳೆಯುವ ಎಚ್‌ಐವಿ ಕಣಗಳಲ್ಲಿ ಬಹುಪಾಲು ಸೋಂಕನ್ನು ಪೂರ್ತಿಗೊಳಿಸುವುದೇ ಇಲ್ಲ. ದಾರಿಯಲ್ಲೇ ಸೋತುಹೋಗುತ್ತವೆ. ನೂರು ಚುಕ್ಕೆಗಳ ದಾರಿಯನ್ನು ಗುರುತಿಸಿದೆವು ಎಂದರೆ ನೂರರಲ್ಲಿ ಹೆಚ್ಚಿನವು ಸೋತವರ ದಾರಿಗಳು. ಗೆದ್ದ ಒಂದೆರಡು ಎಲ್ಲಿ ಹೋದವು ಎಂದು ಹೇಳಬೇಕಾದರೆ, ಯಾವ ಕೋಶದಲ್ಲಿ ಕೊನೆಗೆ ವೈರಸ್ಸಿನ ಜೀನ್ ಕೆಲಸ ಶುರುಮಾಡಿತು ಎಂದು ಕಾದು ನೋಡಿ, ಅಲ್ಲಿಂದ ಹಿಂದಕ್ಕೆ ಚಿತ್ರಗಳನ್ನು ತಿರುವಿ ಆ ಒಂದು ಕಣವನ್ನು ಹುಡುಕಬೇಕು. ಇಂಥ ತಾಳ್ಮೆಯ ಕೆಲಸವನ್ನು ಜಗತ್ತಿನ ಬೆರಳೆಣಿಕೆಯ ಲ್ಯಾಬುಗಳು ಮಾಡಿವೆ.

ಇದರಿಂದ ನಮಗೇನು ಲಾಭ ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. ವೈರಸ್ ಬರುವ ಬಾಗಿಲು ತಿಳಿದರೆ ಬಾಗಿಲು ಮುಚ್ಚುವ ಔಷಧ ಹುಡುಕಬಹುದು. ಹಸಿರು ಕೋಶಗಳ ಎಣಿಕೆಯಿಂದ ಸಾವಿರಾರು ಅಣುಗಳನ್ನು ಯಂತ್ರವೇ ಪರೀಕ್ಷಿಸಬಹುದು. ಮಲಗುವ ಎಚ್‌ಐವಿಯ ನಿಯಮ ತಿಳಿದರೆ ಜೀವನಪೂರ್ತಿಯ ಮಾತ್ರೆಯಿಂದ ಬಿಡುಗಡೆಯ ದಾರಿ ಯೋಚಿಸಬಹುದು. ಅದರ ಜೊತೆಗೆ, ಹೊಳೆಯುವ ಚಿತ್ರವೊಂದನ್ನು ಎದುರಿಗಿಟ್ಟಾಗ ಅದನ್ನು ಹೇಗೆ ನಂಬಬೇಕು ಎಂಬ ಶಿಸ್ತನ್ನೂ ಈ ಕಸುಬು ಕಲಿಸುತ್ತದೆ.

ಯಶವಂತಪುರದ ಆಚೆಗಿರುವ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಓಪನ್ ಡೇ ಎಂದು ತನ್ನ ಬಾಗಿಲನ್ನು ಎಲ್ಲರಿಗೂ ತೆರೆಯುತ್ತದೆ. ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ. ರಾಜಗೋಪಾಲನಗರದ ಶಾಲೆ, ಐಟಿಐ, ಡಿಪ್ಲೊಮಾ ಓದುವ ಮಕ್ಕಳು ಪೀಣ್ಯದಲ್ಲಿ ಮೆಟ್ರೊ ಹತ್ತಿದರೆ ಕೆಲವೇ ನಿಲ್ದಾಣ. ಹೋಗಿ, ಜೀವವಿಜ್ಞಾನ ವಿಭಾಗಗಳ ಕಡೆ ನಡೆಯಿರಿ. ಹಸಿರಾಗಿ ಹೊಳೆಯುವ ಕೋಶಗಳ ಚಿತ್ರ ಕಂಡರೆ ಚೆನ್ನಾಗಿದೆ ಎಂದು ಮುಂದೆ ಹೋಗಬೇಡಿ. ಅಲ್ಲಿ ನಿಂತಿರುವ ಸಂಶೋಧಕರನ್ನು ಒಂದು ಪ್ರಶ್ನೆ ಕೇಳಿ: ಟ್ಯಾಗ್ ಇಲ್ಲದಿದ್ದರೂ ಇದು ಹೀಗೇ ನಡೆದುಕೊಳ್ಳುತ್ತದೆಯೆ, ಅದನ್ನು ಹೇಗೆ ನೋಡಿದಿರಿ? ಕಸುಬು ಬಲ್ಲವರಿಗೆ ಇದಕ್ಕಿಂತ ಸಂತೋಷ ಕೊಡುವ ಪ್ರಶ್ನೆಯಿಲ್ಲ, ಅವರು ಕುರ್ಚಿ ಎಳೆದುಕೊಟ್ಟು ಉತ್ತರಿಸುತ್ತಾರೆ.